ಫ್ಯಾಷನ್ ಪೇಟೆ ಬೇಕು, ಹೊಲಿಯುವವರನ್ನು ಹೊರಗಟ್ಟಿ ಅಲ್ಲ!



ಹಬ್ಬ ಬಂದರೆ ಚಿಕ್ಕಪೇಟೆಗೆ ಹೋಗುತ್ತೀರಿ. ಚೌಕಾಸಿ ಮಾಡಿ ಸೀರೆ ಕೊಳ್ಳುತ್ತೀರಿ, ಚೀಲ ಹಿಡಿದು ಮೆಟ್ರೋ ಹತ್ತುತ್ತೀರಿ. ಅಂಗಡಿಯ ಮೇಲಿನ ಮಹಡಿ ಎಂದಾದರೂ ಹತ್ತಿದ್ದೀರಾ? ಕುಚ್ಚು ಕಟ್ಟುವವರು, ಫಾಲ್ಸ್ ಹೊಲಿಯುವವರು, ಕಾಜಾ ಹಾಕುವವರು ಅಲ್ಲಿದ್ದಾರೆ. ಅವರಿಗೆ ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಕೊಡುವವನು ನಾನು. ನನ್ನ ಪ್ರೆಸ್ಸು ಅಕ್ಕಿಪೇಟೆಯಲ್ಲಿ.

ಊರ ನಡುವೆ ಫ್ಯಾಷನ್ನಿಗೇ ಮೀಸಲಾದ ಪೇಟೆ ಎಂದರೆ ನಮ್ಮ ಕೆಲವರಿಗೆ ಏನೋ ಹೊಸ ಸರಕು! 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ಬೆಳೆದದ್ದೇ ಕಸುಬಿನ ಲೆಕ್ಕದಲ್ಲಿ. ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ. ಕಬ್ಬನ್‌ಪೇಟೆಯಲ್ಲಿ ಮಗ್ಗದ ಸದ್ದು, ಚಿಕ್ಕಪೇಟೆಯಲ್ಲಿ ರೇಷ್ಮೆ, ರಾಜಾ ಮಾರುಕಟ್ಟೆಯಲ್ಲಿ ಲೇಸು, ಮಣಿ. ಒಂದು ರವಿಕೆಗೆ ಬೇಕಾದದ್ದೆಲ್ಲ ಕಾಲ್ನಡಿಗೆಯಲ್ಲೇ ಸಿಗುವ ಊರು ನಮ್ಮದು. ಇದೇ ಫ್ಯಾಷನ್ ಪೇಟೆ ಅಲ್ಲವೇ?

ಆದರೆ ಅಪಾಯ ಎಲ್ಲಿದೆ ನೋಡಿ. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ಮಾಲ್ ತೆರೆಯಿತು. ಬಟ್ಟೆ ನೇಯ್ದ ನೆಲದಲ್ಲಿ ಇಂದು ಬಟ್ಟೆ ಮಾರುತ್ತಾರೆ, ಅಷ್ಟೇ. ನನ್ನ ಪ್ರೆಸ್ಸಿನ ಮೇಲೆ ಬ್ಲೌಸ್ ಹೊಲಿಯುತ್ತಿದ್ದ ಹಿರಿಯರು ಬಾಡಿಗೆ ತಾಳಲಾರದೆ ಮೆಷಿನ್ ಕಟ್ಟಿಕೊಂಡು ಹೊರಟರು. ಆ ಕೋಣೆ ಈಗ ಗೋದಾಮು. ಅವರ ಬಿಲ್ ಪುಸ್ತಕದ ಮಾದರಿ ಇನ್ನೂ ನನ್ನ ಬೀರುವಿನಲ್ಲಿದೆ.

ನ್ಯೂಯಾರ್ಕ್ ಏನು ಮಾಡಿತು? ಅಲ್ಲಿನ ಗಾರ್ಮೆಂಟ್ ಬಡಾವಣೆಗೆ 1987ರಲ್ಲಿ ಕಾಯ್ದೆ ತಂದಿತು. ಗೊತ್ತಾದ ಬೀದಿಗಳಲ್ಲಿ ಹೊಲಿಗೆಯ ಜಾಗವನ್ನು ಆಫೀಸು ಮಾಡುವವನು ಅಷ್ಟೇ ಜಾಗವನ್ನು ಕಸುಬಿಗೆ ಉಳಿಸಬೇಕು. ಆದರೂ ಹೊಲಿಗೆಯವರು ಕರಗುತ್ತ ಹೋದರು. 2018ರಲ್ಲಿ ಆ ನಿಯಮ ತೆಗೆದು, ಕಸುಬಿಗೆ ಜಾಗ ಬಿಡುವ ಕಟ್ಟಡದವರಿಗೆ ತೆರಿಗೆ ರಿಯಾಯಿತಿ ಕೊಟ್ಟರು. ಪಾಠ ಇಷ್ಟೇ: ಬರೀ ಕಾಯ್ದೆ ಸಾಲದು, ಮಾಲೀಕನಿಗೂ ಲಾಭ ಕಾಣಬೇಕು.

ನಮ್ಮ ಬೇಡಿಕೆ ಮೂರು. ಒಂದು, ಪೇಟೆಯ ಮೇಲ್ಮಹಡಿಗಳನ್ನು ಕಸುಬಿಗೆ ಬಿಡುವ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ. ಎರಡು, ಕನ್ನಡದಲ್ಲಿ ವಿನ್ಯಾಸ ಕಲಿಸುವ ಸಂಜೆ ಶಾಲೆ, ಅದೂ ಪೇಟೆಯೊಳಗೇ. 1997ರಲ್ಲಿ ಬೆಂಗಳೂರಿಗೆ ನಿಫ್ಟ್ ಬಂತು, ಸಂತೋಷ. ಆದರೆ ಕತ್ತರಿ ಹಿಡಿದು ಬೆಳೆದ ಹುಡುಗನಿಗೆ ವಿನ್ಯಾಸ ಕಲಿಯಲು ಕನ್ನಡದ ಬಾಗಿಲು ಯಾವುದು? ಮೂರು, ಬೋರ್ಡಿನಲ್ಲಿ 60 ಭಾಗ ಕನ್ನಡ ಎಂದು 2024ರಲ್ಲಿ ಕಾಯ್ದೆಯಾಗಿದೆ. ಬೋರ್ಡಿಗೆ ಬಂದ ಕನ್ನಡ ಅಂಗಿಯ ಲೇಬಲ್ಲಿಗೂ ಬರಲಿ.

2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದಾಗ ಕೇಂದ್ರ ಸರ್ಕಾರ ಪಿ.ಎಫ್. ನಿಯಮವನ್ನೇ ಹಿಂದೆಗೆದುಕೊಂಡಿತು. ಹೊಲಿಯುವ ಕೈಗೆ ಬಲವಿಲ್ಲ ಎಂದವರು ಯಾರು?

ವ್ಯಾಪಾರಕ್ಕೆ ಎಲ್ಲಿಂದಲೋ ಬಂದವರ ಮೇಲೆ ನಮಗೆ ಹಗೆಯಿಲ್ಲ. ಪೇಟೆ ಎಲ್ಲರನ್ನೂ ಸಾಕಿದೆ. ಆದರೆ ಅದನ್ನು ಕಟ್ಟಿದ ಕೈಗಳಿಗೆ ಅಲ್ಲಿ ಒಂದು ಕೋಣೆಯಾದರೂ ಉಳಿಯಬೇಕು.

ಮುಂದಿನ ಸಲ ಚಿಕ್ಕಪೇಟೆಗೆ ಹೋದಾಗ ಮೆಟ್ಟಿಲು ಹತ್ತಿ. ಹೊಲಿಯುವವರ ಹೆಸರು ಕೇಳಿ. ಕೆಲಸ ಅಲ್ಲೇ ಕೊಡಿ. ಹೋರಾಟ ಅಲ್ಲಿಂದ ಶುರುವಾಗಲಿ!