ಗುಮ್ಮಟ ಬಂತು, ಸಚಿವಾಲಯ ಬರಲಿಲ್ಲ

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಮುಗಿದೊಡನೆ ಸಚಿವರೂ ಕಾರ್ಯದರ್ಶಿಗಳೂ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಸೌಧಕ್ಕೆ ಏನು ಕೆಲಸ ಎಂಬ ಪ್ರಶ್ನೆ ಹಳೆಯದು. ಅದರ ರೂಪವನ್ನು ಕುರಿತ ಪ್ರಶ್ನೆ ಮಾತ್ರ ಅಷ್ಟಾಗಿ ಎದ್ದಿಲ್ಲ.

ಬೆಂಗಳೂರಿನ ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದಾಗ ಇದ್ದ ಯೋಜನೆ ಸರಳವಾದದ್ದು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನು ಬದಲಿಸಿ, ದ್ರಾವಿಡ ಶೈಲಿಯ ಭವನವನ್ನು ಗ್ರಾನೈಟಿನಲ್ಲಿ ಕಟ್ಟಿಸಿದರು. ಎದುರಿಗೇ ಬ್ರಿಟಿಷ್ ಕಮಿಷನರರ ಕಾಲದ, 1868ರ ಕೆಂಪು ಅಠಾರಾ ಕಚೇರಿ. 1956ರಲ್ಲಿ ಪೂರ್ಣಗೊಂಡ ಸೌಧವು ಅದಕ್ಕೆ ಕೊಟ್ಟ ಉತ್ತರದಂತಿದೆ. (ವೆಚ್ಚಕ್ಕಾಗಿ ಹನುಮಂತಯ್ಯನವರು ಕೇಳಿದ ಟೀಕೆ ಕಡಿಮೆಯೇನಲ್ಲ.) ಪಕ್ಕದಲ್ಲಿ 2005ರಲ್ಲಿ ಎದ್ದ ವಿಕಾಸಸೌಧ ಅದರ ಪಡಿಯಚ್ಚಾದರೂ, ನೆರೆಮನೆಯೆಂದು ಒಪ್ಪಬಹುದು.

ಬೆಳಗಾವಿಯ ನೆನಪು ಬೇರೆ. ಅದು 1956ರಲ್ಲಿ ಮುಂಬಯಿ ರಾಜ್ಯದಿಂದ ಬಂದ ಊರು. ಮಹಾಜನ ವರದಿಯ ನಂತರವೂ ಪಟ್ಟು ಬಿಡದ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2006ರ ಮೊದಲ ಅಧಿವೇಶನಕ್ಕೂ 2012ರಲ್ಲಿ ಉದ್ಘಾಟನೆಗೊಂಡ ಸೌಧಕ್ಕೂ ಈ ವಿವಾದವೇ ಹಿನ್ನೆಲೆ. ಸೌಧ ಬೇಕೆಂಬ ತೀರ್ಮಾನವನ್ನು ಸ್ಥಳವೇ ಮಾಡಿಸಿತು. ರೂಪವನ್ನು ಮಾತ್ರ ಬೆಂಗಳೂರಿನಿಂದ ತರಲಾಯಿತು. ಕೋಟೆ, ಕಮಲ ಬಸದಿಗಳಿರುವ ಊರಿನಲ್ಲಿ ಮಾದರಿಗಳಿಗೆ ಬರವಿರಲಿಲ್ಲ. ಗಡಿಯಲ್ಲಿ ಹಕ್ಕು ಸಾರಲು ಎಲ್ಲರೂ ಗುರುತಿಸುವ ಗುಮ್ಮಟವೇ ಬೇಕಿತ್ತೆಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಆ ಹಕ್ಕಿಗೆ ಆಡಳಿತದ ಬಲವೂ ಬೇಕಲ್ಲವೇ?

ಕೆಲವು ಕಚೇರಿಗಳು ಬಂದಿವೆಯಾದರೂ ಸಚಿವಾಲಯ ಕದಲಿಲ್ಲ. ಹೆದ್ದಾರಿಯಲ್ಲಿ ಸಾಗುವವರಿಗೆ ಹಲಗಾದ ಬಳಿ ಸೌಧ ಎದ್ದು ಕಾಣುತ್ತದೆ. ಬೆಳಗಾವಿಯ ಅರ್ಜಿದಾರ ಮಾತ್ರ ಕಡತದ ಬೆನ್ನು ಹತ್ತಿ ಇಂದಿಗೂ ಸುಮಾರು 500 ಕಿ.ಮೀ. ದೂರದ ಬೆಂಗಳೂರಿಗೆ ಬಸ್ಸು ಹಿಡಿಯುತ್ತಾನೆ.