ಚಿಂತೆಗೂ ಚಿಕಿತ್ಸೆ ಇದೆ

ಹೃದಯಾಘಾತದಿಂದ ಮರಣ ಸಂಭವಿಸಿದ ಮನೆಗೆ ಸಾಂತ್ವನ ಹೇಳಲು ಹೋದವರು ಸಕ್ಕರೆ ಕಾಯಿಲೆ ಇತ್ತೇ, ಬಿ.ಪಿ. ಇತ್ತೇ, ಬೀಡಿ ಸೇದುತ್ತಿದ್ದರೇ ಎಂದು ವಿಚಾರಿಸುತ್ತಾರೆ. ಮೃತರು ರಾತ್ರಿ ನಿದ್ರಿಸುತ್ತಿದ್ದರೇ, ಮಗಳ ಮದುವೆಗೆ ಮಾಡಿದ ಸಾಲ ತೀರಿತ್ತೇ ಎಂದು ಯಾರೂ ಕೇಳುವುದಿಲ್ಲ. ವೈದ್ಯವಿಜ್ಞಾನ ಆ ಪ್ರಶ್ನೆಯನ್ನೂ ಕೇಳತೊಡಗಿ ವರ್ಷಗಳೇ ಸಂದಿವೆ.

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಈ ನಿಟ್ಟಿನಲ್ಲಿ ಗಮನಾರ್ಹ. ಅದರ ನೇತೃತ್ವ ವಹಿಸಿದ್ದವರು ಕೇರಳ ಮೂಲದ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಡಾ. ಸಲೀಂ ಯೂಸುಫ್. 52 ದೇಶಗಳಲ್ಲಿ, ಮೊದಲ ಬಾರಿ ಹೃದಯಾಘಾತಕ್ಕೊಳಗಾದ ಸಾವಿರಾರು ಮಂದಿಯನ್ನು ಆ ಕಾಯಿಲೆಯಿಲ್ಲದವರೊಂದಿಗೆ ಹೋಲಿಸಿ ನೋಡಲಾಯಿತು. ಮನೆಯಲ್ಲೋ ಕೆಲಸದಲ್ಲೋ ಸದಾ ಒತ್ತಡದಲ್ಲಿರುವವರಿಗೆ ಹೃದಯಾಘಾತದ ಸಂಭವ ಸುಮಾರು ಇಮ್ಮಡಿ. ಖಿನ್ನತೆಯಿದ್ದವರಿಗೆ ಸುಮಾರು ಒಂದೂವರೆ ಪಟ್ಟು. ತೀವ್ರ ಹಣಕಾಸಿನ ಸಂಕಷ್ಟವೂ ಅಪಾಯಕಾರಿಯೆಂದು ಕಂಡುಬಂತು. ಅದೇ ಅಧ್ಯಯನದ 2007ರ ವರದಿಯಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ರ ವಯಸ್ಸಿನಲ್ಲಿ, ಇತರರಿಗಿಂತ ಆರು ವರ್ಷ ಮೊದಲೇ ಎರಗುತ್ತದೆ. ತಂಬಾಕು, ರಕ್ತದೊತ್ತಡ, ಮಧುಮೇಹಗಳ ಪಾಲು ಇದರಿಂದ ಕಡಿಮೆಯಾಗದು. ಬದಲಾಗಿ ಚಿಂತೆ ಅವುಗಳ ಜೊತೆಗೂಡುತ್ತದೆ. ಅದು ರಕ್ತದೊತ್ತಡವನ್ನು ಏರಿಸುತ್ತದೆ, ನಿದ್ದೆಯನ್ನು ಕಸಿಯುತ್ತದೆ. ಖಿನ್ನನಾದವನು ನಡಿಗೆ ಬಿಡುತ್ತಾನೆ, ಸಿಗರೇಟು ಹಿಡಿಯುತ್ತಾನೆ, ವೈದ್ಯರು ಕೊಟ್ಟ ಮಾತ್ರೆ ಮರೆಯುತ್ತಾನೆ.

ನಮ್ಮ ಸಮುದಾಯದಲ್ಲಿ ಇದಕ್ಕೆ ಇನ್ನೊಂದು ಸಂಕಟ ಸೇರಿಕೊಂಡಿದೆ. ದುಃಖವನ್ನು ಹೇಳಿಕೊಂಡವನ ಈಮಾನಿನ ಮೇಲೆಯೇ ಸಂಶಯ! ಮಗ ಯೂಸುಫ್(ಅ)ರ ಅಗಲಿಕೆಯಲ್ಲಿ ಅತ್ತು ಅತ್ತು ಪ್ರವಾದಿ ಯಅಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವು ಎಂದು ಕುರ್‌ಆನ್ ಹೇಳುತ್ತದೆ. ಅವರ ಈಮಾನ್ ದುರ್ಬಲವಾಗಿತ್ತೆಂದು ಯಾರಾದರೂ ಹೇಳಿಯಾರೇ? ಚಿಂತೆಯಿಂದಲೂ ಸಾಲದ ಹೊರೆಯಿಂದಲೂ ಅಲ್ಲಾಹನ ಅಭಯ ಯಾಚಿಸಿದ ಪ್ರವಾದಿವರ್ಯರು(ಸ) ರೋಗಕ್ಕೆ ಚಿಕಿತ್ಸೆ ಪಡೆಯಲೂ ಆದೇಶಿಸಿದರು. ನಮಾಝ್, ದುಆ ಮನಸ್ಸಿಗೆ ಆಸರೆಯೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅದನ್ನೇ ಮುಂದಿಟ್ಟು ರೋಗಿಯನ್ನು ವೈದ್ಯರಿಂದ ದೂರವಿಡುವುದು ಸುನ್ನತ್ ಅಲ್ಲ. ತಾಯತ, ಮಂತ್ರದ ನೀರಿನವರಿಗೆ ಅದರಿಂದ ಲಾಭವಾಗಬಹುದಷ್ಟೆ.

ಸಾಲದ ಮಾತಿಗೆ ಬರೋಣ. ವರದಕ್ಷಿಣೆ ನಿಷಿದ್ಧವೆಂದು ವೇದಿಕೆಯಲ್ಲಿ ಗುಡುಗುವವರೇ ಚಿನ್ನ ತೂಗುವ ಮದುವೆಯಲ್ಲಿ ಮೊದಲ ಸಾಲಿನಲ್ಲಿ ಕುಳಿತಿರುತ್ತಾರೆ. ಆ ಮದುವೆಗಾಗಿ ಬಡ್ಡಿಗೆ ಸಾಲ ತಂದ ತಂದೆ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದಾಗ ಚಂದಾ ಎತ್ತಲು ನಾವೇ ಓಡುತ್ತೇವೆ. ಮೊಹಲ್ಲಾ ಸಮಿತಿಗಳು ಚಂದಾ ಎತ್ತುವುದಕ್ಕಿಂತ ಮೊದಲು ಇಂತಹ ನಿಕಾಹ್‌ಗಳಿಂದ ದೂರವಿರಲಿ, ಬಡ್ಡಿರಹಿತ ಸಾಲನಿಧಿಗಳನ್ನು ಬಲಪಡಿಸಲಿ.

ಮನೆಯವರಿಗೂ ಒಂದು ಮಾತು. ಎದೆನೋವೆಂದ ಹೆಂಗಸಿಗೆ, "ನಿನಗೆ ಚಿಂತೆ ಜಾಸ್ತಿ" ಎಂದು ಹೇಳಿ ಮಲಗಿಸಬೇಡಿ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಹೃದಯಾಘಾತದಿಂದ ಚೇತರಿಸಿಕೊಂಡವರು ವಾರಗಟ್ಟಲೆ ಮಂಕಾಗಿ ಕುಳಿತರೆ ಅದನ್ನು ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ತಿಳಿಸಿರಿ. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಉಚಿತವಾಗಿ ಮಾತಾಡಬಹುದು. ಈ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ನಮಾಝಿನ ಸಮಯದ ಪಕ್ಕ ಬರೆದಿಡಲು ಸಮಿತಿಯ ಒಪ್ಪಿಗೆಗಾಗಿ ಸಭೆ ಕರೆಯಬೇಕಾದ ಅಗತ್ಯವೇನೂ ಇಲ್ಲ.