ಪರಿಚಯ ಅಂದರೆ ಚೀಟಿಯಲ್ಲ

ಮಕ್ಕಳೇ, ಮನೆಯ ಹಿರಿಯರನ್ನು ಕೇಳಿ ಅವರ ಮಾತ್ರೆಗಳ ಸ್ಟ್ರಿಪ್‌ಗಳನ್ನು ತಿರುಗಿಸಿ ನೋಡಿ. ಕೆಲವದರ ಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಕಾಣುತ್ತದೆ. ವೈದ್ಯರು ಬರೆದುಕೊಡದೆ ಇದನ್ನು ತಿನ್ನಬಾರದು ಎಂದು ಅದರ ಅರ್ಥ. ಈ ಗೆರೆಯನ್ನು ಜನರಿಗೆ ತಿಳಿಸಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಪ್ರಚಾರವನ್ನೇ ನಡೆಸಿತು.

ಗೆರೆಯ ಹಿಂದೆ ಕಾನೂನು ಇದೆ. 1940ರ ಔಷಧ ಕಾಯ್ದೆ, 1945ರ ನಿಯಮಗಳು. ಮದ್ದಿನ ಅಂಗಡಿಯಲ್ಲಿ ಕೆಲಸ ಮಾಡಲು ಹೊರಟವರು ಇದನ್ನೆಲ್ಲ ಓದಲೇಬೇಕು. ನನ್ನ ತಂಗಿಯ ಮೊಮ್ಮಗಳು ಡಿ.ಫಾರ್ಮ್ ಎರಡನೇ ವರ್ಷದಲ್ಲಿದ್ದಾಳೆ. "ಅಜ್ಜ, ಉಳಿದದ್ದೆಲ್ಲ ತಲೆಗೆ ಹೋಗುತ್ತದೆ, ಈ ಕಾನೂನು ಮಾತ್ರ ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತದೆ" ಎಂದಳು.

ವಕೀಲರಾಗುವವರಿಗೆ ಇದಕ್ಕೊಂದು ಉಪಾಯವಿದೆ. ಅವರು ತರಗತಿಯಲ್ಲೇ ಅಣಕು ನ್ಯಾಯಾಲಯ ನಡೆಸುತ್ತಾರೆ, ಅದಕ್ಕೆ ಅಂಕವೂ ಉಂಟು. ಮದ್ದಿನ ಕಾನೂನನ್ನೂ ಹಾಗೆಯೇ ಕಲಿಯಬಹುದಲ್ಲ? ನಮ್ಮ ಆಲಂಕಾರು ಕಡೆಯವರಿಗೆ ಇದು ಹೊಸದೇನಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನ ಯುದ್ಧ. ಇಂದು ಕೃಷ್ಣನಾಗಿ ಸಂಧಾನಕ್ಕೆ ಹೋದವರು ನಾಳೆ ಕೌರವನಾಗಿ ಅದೇ ಮಾತಿಗೆ ಉತ್ತರ ಕೊಡಬೇಕು. ಎರಡೂ ಕಡೆಯಿಂದ ಯೋಚಿಸಿದವನಿಗೆ ಕಥೆ ಮರೆಯುವುದಿಲ್ಲ.

ಹಾಗೆ ರಜೆಯಲ್ಲಿ ನಮ್ಮ ಜಗಲಿಯಲ್ಲೇ ನ್ಯಾಯಾಲಯ ಕೂತಿತು. ಪ್ರಕರಣ ನಾವೇ ಕಟ್ಟಿದ್ದು. ಒಬ್ಬ ಅಜ್ಜಿಗೆ ನಿದ್ದೆ ಬರುವುದಿಲ್ಲ. ಎರಡು ವರ್ಷ ಹಳೆಯ ಚೀಟಿ ಕೊಟ್ಟು ಮೊಮ್ಮಗನನ್ನು ಪೇಟೆಗೆ ಕಳುಹಿಸುತ್ತಾಳೆ. ಅಂಗಡಿಯ ಹುಡುಗಿ ಅಲ್ಪ್ರಜೋಲಾಮ್ ಮಾತ್ರೆ ಕೊಡುತ್ತಾಳೆ. ರಾತ್ರಿ ಎದ್ದ ಅಜ್ಜಿ ಮಂಪರಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾಳೆ. ತಂಗಿಯ ಮೊಮ್ಮಗಳೇ ಆರೋಪಿ, ಪಿಯುಸಿ ಓದುವ ಅವಳ ತಮ್ಮ ಸರಕಾರಿ ವಕೀಲ, ನೆರೆಮನೆಯ ನಿವೃತ್ತ ಮೇಷ್ಟ್ರು ನ್ಯಾಯಾಧೀಶರು, ನಾನು ಆರೋಪಿಯ ವಕೀಲ.

ನಾನು ಜೋರಾಗಿಯೇ ವಾದಿಸಿದೆ. ಚೀಟಿ ಇತ್ತು, ವೈದ್ಯರ ಸಹಿ ಇತ್ತು, ಅಜ್ಜಿ ಊರಿಗೇ ಪರಿಚಯ, ಮತ್ತೆ ವೈದ್ಯರಲ್ಲಿಗೆ ಹೋಗಬೇಕೆಂದರೆ ಬಸ್ಸು, ಖರ್ಚು. ಸರಕಾರಿ ವಕೀಲ ಎದ್ದು ಆರೋಪಿಗೆ ಮೂರೇ ಪ್ರಶ್ನೆ ಕೇಳಿದ.

"ಚೀಟಿಯ ತಾರೀಕು ನೋಡಿದಿರಾ?"

"ಒಮ್ಮೆ ಮದ್ದು ಕೊಟ್ಟಾದ ಚೀಟಿಗೆ ಮತ್ತೆ ಕೊಡಬಹುದು ಎಂದು ವೈದ್ಯರು ಬರೆದಿದ್ದರಾ?"

"ರಿಜಿಸ್ಟರಿನಲ್ಲಿ ಬರೆದಿರಾ?"

ಈ ಮಾತ್ರೆ ಎಚ್1 ಎಂಬ ಪಟ್ಟಿಗೆ ಸೇರಿದ್ದು. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಪಟ್ಟಿ ಅದು, ಮೊದಲಿಗೆ 46 ಮದ್ದುಗಳಿದ್ದವು. ಬರೆದುಕೊಟ್ಟ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಮದ್ದು, ಪ್ರಮಾಣ ಇಷ್ಟನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆರೋಪಿ ತಲೆ ತಗ್ಗಿಸಿ, "ಪರಿಚಯದವರು, ಇಲ್ಲ ಎನ್ನಲು ಆಗಲಿಲ್ಲ" ಎಂದಳು. ಆಟ ಎಂದು ಶುರುವಾದ ಜಗಲಿ ಒಮ್ಮೆ ಸುಮ್ಮನಾಯಿತು.

ಬ್ಯಾಂಕಿನಲ್ಲಿ ಕೂತವನಿಗೆ ಆ ಕಷ್ಟ ಗೊತ್ತು. ಚೆಕ್ಕಿನಲ್ಲಿ ಸಹಿ ಬೇಕು, ತಾರೀಕು ಬೇಕು, ಮೊತ್ತ ಸ್ಪಷ್ಟ ಬೇಕು. ಮೂರು ತಿಂಗಳು ಕಳೆದರೆ ಅದು ಬರೇ ಕಾಗದ. ಒಮ್ಮೆ ಹಣ ಕೊಟ್ಟ ಚೆಕ್ಕಿಗೆ ಎರಡನೇ ಸಲ ಕೊಡುವುದಿಲ್ಲ, ತಂದವರು ಅಣ್ಣನಾದರೂ ಅಷ್ಟೇ. ವೈದ್ಯರ ಚೀಟಿಯೂ ಒಂದು ಚೆಕ್ಕೇ. ಆದರೆ ಅದರಲ್ಲಿ ಬರೆದದ್ದು ಹಣವಲ್ಲ, ಜೀವ.

ನ್ಯಾಯಾಧೀಶರು ತಪ್ಪಿತಸ್ಥೆ ಎಂದೇ ತೀರ್ಪು ಕೊಟ್ಟರು. ಜತೆಗೆ ಒಂದು ಮಾತು ಸೇರಿಸಿದರು: "ಬಸ್ಸು, ಖರ್ಚಿನ ಕಷ್ಟ ನಿಜ. ಅದಕ್ಕೆ ಮನೆಯವರು ಅಜ್ಜಿಯನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು. ಮಗುವಿನ ಕೈಯಲ್ಲಿ ಹಳೆಯ ಕಾಗದ ಕೊಟ್ಟು ಕಳುಹಿಸುವುದಲ್ಲ." ಮರುದಿನ ಪಾತ್ರ ಬದಲಾಯಿತು. ಅಕ್ಕ ಸರಕಾರಿ ವಕೀಲೆ, ತಮ್ಮ ಆರೋಪಿ. ಅವಳು ಪುಸ್ತಕ ನೋಡದೆ ಮೂರಲ್ಲ, ಏಳು ಪ್ರಶ್ನೆ ಕೇಳಿದಳು. ಬಾಯಿಪಾಠದಿಂದ ಬಾರದ ಕಾನೂನು ಎರಡು ದಿನದ ವಾದದಲ್ಲಿ ಬಂದಿತ್ತು.

ಇನ್ನು ನನ್ನ ವಯಸ್ಸಿನವರಿಗೆ ಎರಡು ಮಾತು. ನಾಳೆ ಇಂಥ ಹುಡುಗಿ ಕೌಂಟರಿನ ಆಚೆ ನಿಂತು, "ಅಜ್ಜ, ಹೊಸ ಚೀಟಿ ತನ್ನಿ" ಎಂದರೆ, "ನಿನ್ನ ಅಪ್ಪನನ್ನು ಎತ್ತಿ ಆಡಿಸಿದವ ನಾನು" ಎಂದು ಹೆದರಿಸಬೇಡಿ. ಸಣ್ಣ ಊರಿನಲ್ಲಿ ಪರಿಚಯದವರಿಗೆ ಇಲ್ಲ ಎನ್ನುವುದೇ ಅತಿ ಕಷ್ಟದ ಕೆಲಸ. ಅವಳು ಆ ಕಷ್ಟ ಪಡುವುದು ನಮ್ಮ ಸೊಂಟಕ್ಕಾಗಿ.

ಮಕ್ಕಳೇ, ನಿಮಗೂ ಒಂದು ಕೆಲಸ ಉಂಟು. ಮದ್ದು ತರಲು ಕಳುಹಿಸಿದರೆ ಹೊರಡುವ ಮೊದಲು ಚೀಟಿಯ ತಾರೀಕು ಓದಿ. ಹಳೆಯದಾಗಿದ್ದರೆ ಅಜ್ಜ ಅಜ್ಜಿಯ ಕೈಗೇ ವಾಪಸು ಕೊಡಿ. ಸಿಟ್ಟು ಮಾಡಿದರೆ ಈ ಪುಟ ತೋರಿಸಿ.